ವಿದ್ಯಾರ್ಥಿ ದೆಸೆಯ ಸಂಶೋಧನೆಯನ್ನು ರೆಸ್ಯೂಮೆಯಲ್ಲಿ ಬರೆಯುವುದು ಹೇಗೆ?

ಪುಣೆ ರಸಾಯನ

ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ಅನಲಿಟಿಕಲ್ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಊರು ಸೊಲ್ಲಾಪುರ. ನಮ್ಮ ಮನೆಯಲ್ಲಿ ಇದುವರೆಗೆ ರೆಸ್ಯೂಮೆ ಬರೆದವರು ಯಾರೂ ಇಲ್ಲ. ಅಪ್ಪನಿಗೆ ಕೆಲಸ ಸಿಕ್ಕಿದ್ದು ಪರಿಚಯದವರ ಮಾತಿನಿಂದ, ಅಣ್ಣನಿಗೆ ಪರೀಕ್ಷೆ ಬರೆದು. ಆದ್ದರಿಂದ ಇಲ್ಲಿರುವ ಹಿರಿಯರನ್ನು ಕೇಳುತ್ತಿದ್ದೇನೆ.

ಸಂಶೋಧನೆ ಎಂದು ಹೇಳಿಕೊಳ್ಳಬಹುದಾದದ್ದು ನನ್ನ ಬಳಿ ಮೂರು ಇವೆ. ದ್ರಾಕ್ಷಿ ಹಣ್ಣಿನಲ್ಲಿ ಉಳಿಯುವ ಶಿಲೀಂಧ್ರನಾಶಕವನ್ನು ಎಚ್‌ಪಿಎಲ್‌ಸಿ ಯಂತ್ರದಲ್ಲಿ (ಬೆರೆತಿರುವ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಅಳೆಯುವ ಕೆಲಸವನ್ನು ಪ್ರಬಂಧಕ್ಕಾಗಿ ನಾಲ್ಕು ತಿಂಗಳು ಮಾಡಿದೆ. ಅದಕ್ಕೂ ಮೊದಲು ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಸಿಕ್ಕಿ ಎಂಟು ವಾರ ಒಂದು ಪ್ರಯೋಗಾಲಯದಲ್ಲಿದ್ದೆ. ಅಲ್ಲಿ ನಮಗೆ ಬೇಕಾಗಿದ್ದ ಯಂತ್ರ ಐದು ವಾರ ಕೆಟ್ಟು ನಿಂತಿತ್ತಾದ್ದರಿಂದ ಹೇಳಿಕೊಳ್ಳುವಂಥ ಫಲಿತಾಂಶವೇನೂ ಬರಲಿಲ್ಲ. ಮೂರನೆಯದು, ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳ ಆವಿಷ್ಕಾರ್ ಸಂಶೋಧನಾ ಸಮಾವೇಶಕ್ಕಾಗಿ ನಡೆದ ಆಯ್ಕೆಯ ಸುತ್ತಿನಲ್ಲಿ ಇದೇ ದ್ರಾಕ್ಷಿಯ ವಿಷಯದ ಮೇಲೆ ಪೋಸ್ಟರ್ ಮಂಡಿಸಿದ್ದು.

ಈಗ ನನ್ನ ರೆಸ್ಯೂಮೆಯಲ್ಲಿ ಇರುವುದು ಒಂದೇ ಸಾಲು: "ದ್ರಾಕ್ಷಿಯಲ್ಲಿನ ಶಿಲೀಂಧ್ರನಾಶಕ ಅವಶೇಷಗಳ ಸಂಶೋಧನಾ ಯೋಜನೆಯಲ್ಲಿ ಭಾಗವಹಿಸಿದ್ದೇನೆ." ಇದು ತೀರಾ ಬಡವಾಗಿದೆ ಎಂದು ಗೆಳತಿಯರು ಹೇಳುತ್ತಾರೆ. ಇನ್ನೊಬ್ಬರು ಇದನ್ನೇ "ಹೊಸ ವಿಧಾನವೊಂದನ್ನು ಅಭಿವೃದ್ಧಿಪಡಿಸಿದ್ದೇನೆ" ಎಂದು ಬದಲಾಯಿಸಲು ಹೇಳಿದರು. ಹಾಗೆ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಔಷಧ ಕಂಪನಿಗಳ ಗುಣಮಟ್ಟ ಪರೀಕ್ಷಾ ವಿಭಾಗಕ್ಕೂ ಪಿಎಚ್‌.ಡಿ. ಪ್ರವೇಶಕ್ಕೂ ಅರ್ಜಿ ಹಾಕಬೇಕಾಗಿದೆ. ನಾನು ಏನು ಬರೆಯಲಿ?

ತುರ್ಭೆ ಲ್ಯಾಬ್

ತಂಗಿ, ನಾನು ನವಿ ಮುಂಬಯಿಯ ಒಂದು ಔಷಧ ಕಂಪನಿಯಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಹೊಸಬರ ರೆಸ್ಯೂಮೆಗಳನ್ನು ಓದುವುದು ಹದಿನೈದು ವರ್ಷಗಳಿಂದ ನನ್ನ ಕೆಲಸದ ಒಂದು ಭಾಗ. "ಭಾಗವಹಿಸಿದ್ದೇನೆ" ಎಂಬ ಪದವನ್ನು ಕಂಡಾಗ ನನಗೆ ತಿಳಿಯುವುದು ಒಂದೇ ವಿಷಯ, ಆ ಕೋಣೆಯಲ್ಲಿ ನೀವು ಇದ್ದಿರಿ ಎಂಬುದು. "ಅಭಿವೃದ್ಧಿಪಡಿಸಿದ್ದೇನೆ" ಎಂದು ಕಂಡರೆ, ಆ ವಿಧಾನಕ್ಕೆ ಮೊದಲು ಏನಿತ್ತು, ಅದರಲ್ಲಿ ಏನು ಸಾಲದೆ ಬಂತು, ನೀವು ಏನನ್ನು ಬದಲಿಸಿದಿರಿ, ಬದಲಿಸಿದ್ದು ಸರಿ ಎಂದು ಹೇಗೆ ಖಚಿತಪಡಿಸಿಕೊಂಡಿರಿ ಎಂದು ಒಂದಾದ ಮೇಲೊಂದು ಕೇಳುತ್ತೇನೆ. ಎರಡನೆಯ ಪ್ರಶ್ನೆಗೇ ಮಾತು ನಿಂತುಹೋದ ಹುಡುಗ ಹುಡುಗಿಯರನ್ನು ಬಹಳ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರು ನಿಜವಾಗಿ ಒಳ್ಳೆಯ ಕೆಲಸ ಮಾಡಿದವರೇ ಆಗಿದ್ದರು. ತಾವು ಮಾಡಿದ್ದನ್ನು ಬಿಟ್ಟು ಮಾಡದೆ ಇದ್ದುದನ್ನು ಬರೆದಿದ್ದರು ಎಂಬುದೇ ನನ್ನ ಸಂಕಟ.

ಆದ್ದರಿಂದ ಸಾಲನ್ನು ತಿದ್ದುವ ಮೊದಲು ನಾಲ್ಕು ವಿಷಯಗಳನ್ನು ಇಲ್ಲಿ ಬರೆಯಿರಿ. ಯಂತ್ರವನ್ನು ನೀವೇ ನಡೆಸಿದಿರೋ, ಅಥವಾ ಸ್ಯಾಂಪಲ್ ಕೊಟ್ಟು ರಿಪೋರ್ಟ್ ಪಡೆದಿರೋ? ಒಟ್ಟು ಎಷ್ಟು ಸ್ಯಾಂಪಲ್‌ಗಳು? ಕೆಲಸ ಎಲ್ಲಿ ಕೆಟ್ಟಿತು? ಕೆಟ್ಟಾಗ ನೀವು ಏನು ಮಾಡಿದಿರಿ?

ಪುಣೆ ರಸಾಯನ

ಸರ್, ಧನ್ಯವಾದಗಳು. ಯಂತ್ರವನ್ನು ಮೊದಲ ಎರಡು ವಾರ ಸೀನಿಯರ್ ಅಕ್ಕ ನಡೆಸಿದರು. ಆ ನಂತರ ನಾನೇ ನಡೆಸಿದೆ. ಮೊಬೈಲ್ ಫೇಸ್ (ಯಂತ್ರದೊಳಗೆ ಹರಿಸುವ ದ್ರವ) ತಯಾರಿಸುವುದು, ಸೋಸುವುದು, ಗಾಳಿಗುಳ್ಳೆ ತೆಗೆಯುವುದು, ಪ್ರತಿದಿನ ಗೊತ್ತಿರುವ ಪ್ರಮಾಣದ ಸ್ಟ್ಯಾಂಡರ್ಡ್‌ಗಳನ್ನು ಹಾಕಿ ಅಳತೆಗೆ ಆಧಾರವಾಗುವ ಕ್ಯಾಲಿಬ್ರೇಷನ್ ರೇಖೆ ಎಳೆಯುವುದು ಎಲ್ಲವೂ ನನ್ನ ಪಾಲಿಗಿತ್ತು. ಮಾರುಕಟ್ಟೆಯಿಂದ ತಂದ 36 ಸ್ಯಾಂಪಲ್‌ಗಳನ್ನು ಪರೀಕ್ಷಿಸಿದೆ.

ಕೆಟ್ಟದ್ದು ಎಲ್ಲಿ ಎಂದು ನೀವು ಕೇಳಿದ್ದಕ್ಕೆ ಹೇಳುತ್ತೇನೆ. ನಾವು ಅನುಸರಿಸಿದ್ದು ಕ್ವೆಚರ್ಸ್ ಎಂಬ ವಿಧಾನ. ಅರೆದ ಹಣ್ಣಿಗೆ ಅಸಿಟೋನೈಟ್ರೈಲ್ ಸೇರಿಸಿ, ಮೆಗ್ನೀಸಿಯಂ ಸಲ್ಫೇಟ್ ಮತ್ತು ಉಪ್ಪನ್ನು ಹಾಕಿ ಕುಲುಕಿ, ಸೆಂಟ್ರಿಫ್ಯೂಜ್ ಮಾಡಬೇಕು. ಶುದ್ಧ ಹಣ್ಣಿಗೆ ಗೊತ್ತಿರುವಷ್ಟು ಶಿಲೀಂಧ್ರನಾಶಕವನ್ನು ನಾವೇ ಬೆರೆಸಿ ಅಳೆದಾಗ, ಬೆರೆಸಿದ್ದರಲ್ಲಿ ಶೇಕಡಾ 61ರಷ್ಟು ಮಾತ್ರ ಮರಳಿ ಸಿಗುತ್ತಿತ್ತು. ಮೂರು ವಾರ ಹಾಗೆಯೇ ಆಯಿತು. ಒಂದು ದಿನ ಕೈಯಲ್ಲಿ ಹಿಡಿದ ಟ್ಯೂಬ್ ಬಿಸಿಯಾಗುತ್ತಿರುವುದನ್ನೂ, ತಳದಲ್ಲಿ ಪುಡಿಯು ಕಲ್ಲುಸಕ್ಕರೆಯ ಹಾಗೆ ಗಟ್ಟಿಯಾಗಿ ಅಂಟಿಕೊಂಡಿರುವುದನ್ನೂ ಗಮನಿಸಿದೆ. ನಾನು ಹನ್ನೆರಡು ಟ್ಯೂಬ್‌ಗಳಿಗೂ ಪುಡಿ ಹಾಕಿ ಮುಗಿಸಿದ ಮೇಲೆ ಒಟ್ಟಿಗೆ ಕುಲುಕುತ್ತಿದ್ದೆ. ಅಷ್ಟರೊಳಗೆ ಮೊದಲಿನ ಟ್ಯೂಬ್‌ಗಳಲ್ಲಿ ಪುಡಿ ನೀರನ್ನು ಹೀರಿ ಗಂಟು ಕಟ್ಟಿ, ಹಣ್ಣಿನ ಭಾಗವನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತಿತ್ತು. ಒಂದೊಂದು ಟ್ಯೂಬಿಗೆ ಹಾಕಿದ ತಕ್ಷಣವೇ ಕುಲುಕಿ, ಐಸ್ ನೀರಿನಲ್ಲಿ ಇಟ್ಟ ಮೇಲೆ ಮರಳಿ ಸಿಗುವ ಪ್ರಮಾಣ, ಅಂದರೆ ರಿಕವರಿ, ಶೇಕಡಾ 86ಕ್ಕೆ ಏರಿತು. ಆದರೆ ಇದು ನನ್ನದೇ ತಪ್ಪನ್ನು ನಾನು ಸರಿಪಡಿಸಿಕೊಂಡದ್ದಲ್ಲವೇ? ಇದನ್ನು ರೆಸ್ಯೂಮೆಯಲ್ಲಿ ಬರೆಯಬಹುದೆಂದು ನನಗೆ ತೋಚಿರಲಿಲ್ಲ.

ತುರ್ಭೆ ಲ್ಯಾಬ್

ಬರೆಯಬೇಕಾದದ್ದು ಇದನ್ನೇ ತಂಗಿ. ನೀವು ಈಗ ಬರೆದ ಪ್ಯಾರಾ ನಿಮ್ಮ ಇಡೀ ರೆಸ್ಯೂಮೆಗಿಂತ ಹೆಚ್ಚು ಹೇಳಿತು. ಅವಶೇಷ ಪರೀಕ್ಷೆಯಲ್ಲಿ ರಿಕವರಿ ಸಾಮಾನ್ಯವಾಗಿ ಶೇಕಡಾ 70ರಿಂದ 120ರೊಳಗೆ ಇರಬೇಕು ಎಂಬುದು ಈ ಕ್ಷೇತ್ರದವರಿಗೆಲ್ಲ ಗೊತ್ತು. 61 ಎಂದರೆ ವಿಧಾನ ಸೋತಿದೆ, 86 ಎಂದರೆ ಗೆದ್ದಿದೆ ಎಂದು ಓದುವವನಿಗೆ ಯಾರೂ ವಿವರಿಸಬೇಕಾಗಿಲ್ಲ. ನಡುವೆ ಒಬ್ಬ ವಿದ್ಯಾರ್ಥಿನಿ ಟ್ಯೂಬನ್ನು ಗಮನಿಸಿ ನೋಡಿದ್ದಾಳೆ. ನಮ್ಮ ಲ್ಯಾಬಿಗೆ ಬೇಕಾಗಿರುವುದು ಆ ಗಮನ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ (ನೀವು ಇಂಗ್ಲಿಷಿನಲ್ಲಿ ಬರೆದುಕೊಳ್ಳಿ): "ದ್ರಾಕ್ಷಿಯ 36 ಮಾರುಕಟ್ಟೆ ಸ್ಯಾಂಪಲ್‌ಗಳಲ್ಲಿ ಕಾರ್ಬೆಂಡಜಿಮ್ ಅವಶೇಷವನ್ನು ಕ್ವೆಚರ್ಸ್ ಮತ್ತು ಎಚ್‌ಪಿಎಲ್‌ಸಿ ಮೂಲಕ ಅಳೆದೆ, ಸ್ಯಾಂಪಲ್ ತಯಾರಿ, ದೈನಂದಿನ ಕ್ಯಾಲಿಬ್ರೇಷನ್ ಮತ್ತು ಯಂತ್ರ ನಿರ್ವಹಣೆ ನನ್ನ ಹೊಣೆ. ಲವಣ ಸೇರಿಸುವ ಹಂತದಲ್ಲಿ ಗಂಟು ಕಟ್ಟುವುದೇ ಕಡಿಮೆ ರಿಕವರಿಗೆ ಕಾರಣವೆಂದು ಗುರುತಿಸಿ, ಆ ಹಂತವನ್ನು ಬದಲಿಸಿ, ರಿಕವರಿಯನ್ನು ಶೇಕಡಾ 61ರಿಂದ 86ಕ್ಕೆ ತಂದೆ." ಇಷ್ಟು ಸಾಕು. ರಾಸಾಯನಿಕದ ಹೆಸರನ್ನು ನಾನು ಊಹಿಸಿ ಹಾಕಿದ್ದೇನೆ, ಬೇರೆಯಾಗಿದ್ದರೆ ತಿದ್ದಿಕೊಳ್ಳಿ.

ಪ್ರಬಂಧದ ಶೀರ್ಷಿಕೆ, ಮಾರ್ಗದರ್ಶಕರ ಹೆಸರು, ವಿಭಾಗ, ತಿಂಗಳು ಮತ್ತು ವರ್ಷ ಇವೆಲ್ಲ ಮೇಲಿನ ಒಂದು ಸಾಲಿನಲ್ಲಿ ಸಣ್ಣದಾಗಿ ಇರಲಿ.

ದೋನಾ ಪಾವ್ಲಾ ತೀರ

ಗೋವೆಯಿಂದ ಬರೆಯುತ್ತಿದ್ದೇನೆ. ಮೂಲ ಊರು ಕಾರವಾರ. ಸರ್ ಹೇಳಿದ "ಎರಡನೆಯ ಪ್ರಶ್ನೆಗೇ ಮಾತು ನಿಂತುಹೋದವರು" ಎಂಬುದರಲ್ಲಿ ನಾನೂ ಒಬ್ಬಳು.

ನನ್ನ ಎಂ.ಎಸ್ಸಿ. ಪ್ರಬಂಧ ಸಮುದ್ರದ ತಳದ ಕೆಸರಿನ ಮೇಲೆ. ಆ ಕೆಸರಿನಲ್ಲಿ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪುಗಳಿರುತ್ತವೆ. ಯಾವ ಪದರದಲ್ಲಿ ಯಾವ ಜಾತಿ ಎಷ್ಟಿದೆ ಎಂದು ಎಣಿಸಿದರೆ ಹಿಂದಿನ ಕಾಲದ ಸಮುದ್ರದ ಸ್ಥಿತಿಯನ್ನು ಊಹಿಸಬಹುದು. ಕೆಸರಿನ ತುಂಡನ್ನು 63 ಮೈಕ್ರಾನ್ ಜರಡಿಯಲ್ಲಿ ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಮೂರು ಸೊನ್ನೆಯ (ಅತಿ ಸಣ್ಣ) ಕುಂಚದ ತುದಿಯನ್ನು ಒದ್ದೆ ಮಾಡಿ ಒಂದೊಂದೇ ಚಿಪ್ಪನ್ನು ಎತ್ತಬೇಕು. ಒಂದು ಸ್ಯಾಂಪಲ್‌ಗೆ ಸುಮಾರು 300 ಚಿಪ್ಪು. ಅಂಥ 40 ಸ್ಯಾಂಪಲ್‌ಗಳನ್ನು ನಾನು ಎಣಿಸಿದೆ. ಮಳೆಗಾಲವಿಡೀ ಕುತ್ತಿಗೆ ಬಗ್ಗಿಸಿ ಕುಳಿತದ್ದು ಈಗಲೂ ನೆನಪಿದೆ.

ಆದರೆ ಮೊದಲ ರೆಸ್ಯೂಮೆಯಲ್ಲಿ ನಾನು ಬರೆದದ್ದು "ಅರಬ್ಬೀ ಸಮುದ್ರದ ಮುಂಗಾರಿನ ಇತಿಹಾಸವನ್ನು ಪುನರ್ರಚಿಸಿದೆ" ಎಂದು. ಸಂದರ್ಶನದಲ್ಲಿ ಒಬ್ಬ ವಿಜ್ಞಾನಿ ತುಂಬಾ ಸೌಮ್ಯವಾಗಿ, "ಪದರಗಳ ಕಾಲವನ್ನು ನಿರ್ಧರಿಸಿದವರು ಯಾರಮ್ಮ?" ಎಂದು ಕೇಳಿದರು. ಆ ಕೆಸರನ್ನು ಹಡಗಿನಿಂದ ಎತ್ತಿದ್ದು ನಾನು ಕಾಲೇಜು ಸೇರುವುದಕ್ಕೂ ಮೊದಲು. ಇಂಗಾಲದ ಕಾಲನಿರ್ಣಯ ಬೇರೆ ಪ್ರಯೋಗಾಲಯದಲ್ಲಿ ಆಗಿತ್ತು. ಮುಂಗಾರಿನ ವಾದ ನನ್ನ ಮಾರ್ಗದರ್ಶಕರದ್ದು. ನನ್ನದು ಎಣಿಕೆ ಮತ್ತು ಜಾತಿ ಗುರುತಿಸುವಿಕೆ. ಅದನ್ನೇ ಅವರು ಕೇಳಿದ್ದರೆ ಒಂದು ಗಂಟೆ ಮಾತನಾಡುತ್ತಿದ್ದೆ. ಆದರೆ ನಾನು ಅದನ್ನು ರೆಸ್ಯೂಮೆಯಲ್ಲಿ ಬರೆದೇ ಇರಲಿಲ್ಲ. ಕೂಲಿ ಕೆಲಸದ ಹಾಗೆ ಕಾಣುತ್ತದೆಂದು ನಾಚಿಕೊಂಡಿದ್ದೆ.

ಈಗ "40 ಸ್ಯಾಂಪಲ್‌ಗಳಲ್ಲಿ ತಲಾ ಸುಮಾರು 300 ಫೊರಾಮಿನಿಫೆರಾಗಳನ್ನು ಪ್ರತ್ಯೇಕಿಸಿ, ಜಾತಿಮಟ್ಟದಲ್ಲಿ ಗುರುತಿಸಿ, ಎಣಿಸಿದೆ; 5 ಸ್ಯಾಂಪಲ್‌ಗಳನ್ನು ಎರಡನೆಯ ಬಾರಿ ಎಣಿಸಿ ನನ್ನ ಎಣಿಕೆಯ ವ್ಯತ್ಯಾಸವನ್ನು ಅಳೆದೆ" ಎಂದು ಬರೆದಿದ್ದೇನೆ. ನಂತರದ ಸಂದರ್ಶನದಲ್ಲಿ ಇಪ್ಪತ್ತು ನಿಮಿಷ ಆ ಮರುಎಣಿಕೆಯ ಬಗ್ಗೆಯೇ ಮಾತಾಯಿತು. ಕೆಲಸವೂ ಸಿಕ್ಕಿತು.

ಪಾಷಾಣ ಪಿಎಚ್‌.ಡಿ.

ತಮ್ಮ ಪಾಲು ಎಷ್ಟು ಎಂದು ನಿರ್ಧರಿಸಲು ಕಷ್ಟಪಡುವವರಿಗೆ ಒಂದು ಉಪಾಯ ಹೇಳುತ್ತೇನೆ. ವೈಜ್ಞಾನಿಕ ಪತ್ರಿಕೆಗಳಲ್ಲಿ ಯಾವ ಲೇಖಕ ಏನು ಮಾಡಿದ ಎಂದು ನಮೂದಿಸಲು ಕ್ರೆಡಿಟ್ ಎಂಬ ವರ್ಗೀಕರಣವನ್ನು ಬಳಸುತ್ತಾರೆ. ಅದರಲ್ಲಿ 14 ಪಾತ್ರಗಳಿವೆ: ಕಲ್ಪನೆ ಯಾರದು, ವಿಧಾನ ಯಾರದು, ಪ್ರಯೋಗ ಮಾಡಿದವರು ಯಾರು, ದತ್ತಾಂಶವನ್ನು ಕ್ರಮಪಡಿಸಿದವರು ಯಾರು, ವಿಶ್ಲೇಷಿಸಿದವರು ಯಾರು, ತಂತ್ರಾಂಶ ಬರೆದವರು ಯಾರು, ಮೊದಲ ಕರಡು ಯಾರದು, ಹಣ ತಂದವರು ಯಾರು, ಹೀಗೆ. 2022ರಲ್ಲಿ ಇದು ಅಮೆರಿಕದ ರಾಷ್ಟ್ರೀಯ ಮಾನಕವೂ ಆಯಿತು. ಆ ಹದಿನಾಲ್ಕನ್ನು ಮುಂದಿಟ್ಟುಕೊಂಡು ನಿಮ್ಮ ಯೋಜನೆಯನ್ನು ಓದಿಕೊಳ್ಳಿ. ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಎರಡು ಮೂರು ಪಾತ್ರಗಳು ಮಾತ್ರ ಸಲ್ಲುತ್ತವೆ. ಅದು ಕಡಿಮೆಯೇನಲ್ಲ.

ಪಿಎಚ್‌.ಡಿ. ಅರ್ಜಿಗೂ ಕಂಪನಿಯ ಅರ್ಜಿಗೂ ಒಂದೇ ಪ್ರತಿಯನ್ನು ಕಳಿಸಬೇಡಿ ಎಂಬುದು ಇನ್ನೊಂದು ಮಾತು. ಕಂಪನಿಗೆ ಒಂದು ಪುಟ. ಅಲ್ಲಿ ಯಂತ್ರ, ವಿಧಾನ, ಸಂಖ್ಯೆ ಮುಖ್ಯ. ಪಿಎಚ್‌.ಡಿ.ಗೆ ಎರಡು ಪುಟವಾದರೂ ಚಿಂತೆಯಿಲ್ಲ. ಅಲ್ಲಿ ಪ್ರಶ್ನೆಯೇನಿತ್ತು, ಅದು ಏಕೆ ಕೇಳತಕ್ಕದ್ದು, ಉಳಿದುಹೋದ ಪ್ರಶ್ನೆ ಯಾವುದು ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಹೇಳಿದರೆ ಓದುವ ಪ್ರಾಧ್ಯಾಪಕರು ನಿಲ್ಲುತ್ತಾರೆ. ಒಂದು ದೊಡ್ಡ ಸಂಸ್ಥೆಯಲ್ಲಿ ಎರಡು ತಿಂಗಳು ಇದ್ದೆ ಎಂಬುದು ನಿಮಗೆ ಪ್ರವೇಶ ಸಿಕ್ಕಿತ್ತೆಂದು ಮಾತ್ರ ತಿಳಿಸುತ್ತದೆ. ಸಂಸ್ಥೆಯ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಕೆಲಸವನ್ನು ಅರ್ಧ ಸಾಲಿನಲ್ಲಿ ಮುಗಿಸಿದ ಅರ್ಜಿಗಳು ನಮ್ಮ ವಿಭಾಗಕ್ಕೆ ಪ್ರತಿ ಬೇಸಿಗೆಯಲ್ಲಿಯೂ ಬರುತ್ತವೆ.

ಡೊಂಬಿವಲಿ ಕೋಡ್

ನನ್ನ ಸಮಸ್ಯೆ ಸ್ವಲ್ಪ ಬೇರೆ. ನಾನು ಕಂಪ್ಯೂಟರ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ನಾವು ನಾಲ್ವರು ಸೇರಿ, ರಸ್ತೆಯ ಫೋಟೋ ಕೊಟ್ಟರೆ ಅದರಲ್ಲಿ ಗುಂಡಿ ಇದೆಯೋ ಇಲ್ಲವೋ ಎಂದು ಹೇಳುವ ಕಂಪ್ಯೂಟರ್ ಮಾಡೆಲ್ ತಯಾರಿಸಿದೆವು. ಕಲ್ಯಾಣ, ಡೊಂಬಿವಲಿ, ಠಾಣೆಯ ರಸ್ತೆಗಳಲ್ಲಿ ಬೈಕಿನ ಮೇಲೆ ಮೊಬೈಲ್ ಕಟ್ಟಿ ವಿಡಿಯೋ ತೆಗೆದು, ಅದರಿಂದ 1,800 ಚಿತ್ರಗಳನ್ನು ಆರಿಸಿದೆವು. ನಿಖರತೆ ಶೇಕಡಾ 94 ಬಂತು. ರಿಪೋರ್ಟಿನಲ್ಲಿ ಅದೇ ಇದೆ.

ರಿಪೋರ್ಟ್ ಸಲ್ಲಿಸಿದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಒಂದೇ ವಿಡಿಯೋದ ಪಕ್ಕಪಕ್ಕದ ಚಿತ್ರಗಳಲ್ಲಿ ಕೆಲವು ಕಲಿಸುವ ಗುಂಪಿಗೂ ಕೆಲವು ಪರೀಕ್ಷಿಸುವ ಗುಂಪಿಗೂ ಹೋಗಿದ್ದವು. ಅಂದರೆ ಮಾಡೆಲ್ ಆಗಲೇ ಕಂಡಿದ್ದ ಗುಂಡಿಯನ್ನೇ ನಾವು ಪರೀಕ್ಷೆಯಲ್ಲಿಯೂ ತೋರಿಸುತ್ತಿದ್ದೆವು. ರಸ್ತೆಗಳನ್ನೇ ಬೇರೆ ಬೇರೆ ಮಾಡಿ ಮತ್ತೆ ಓಡಿಸಿದಾಗ 78ಕ್ಕೆ ಇಳಿಯಿತು. ಮಿಕ್ಕ ಮೂವರ ರೆಸ್ಯೂಮೆಯಲ್ಲಿ 94 ಇದೆ. ನಾನು 78 ಎಂದು ಬರೆದರೆ ಒಂದೇ ಪ್ರಾಜೆಕ್ಟಿಗೆ ಎರಡು ಸಂಖ್ಯೆಗಳಾಗುತ್ತವೆ. ಏನು ಮಾಡಲಿ?

ಇನ್ನೂ ಒಂದಿದೆ. ಪ್ರತಿಯೊಂದು ಗುಂಪೂ ಲೇಖನ ಪ್ರಕಟಿಸಲೇಬೇಕು ಎಂದು ಕಾಲೇಜಿನಲ್ಲಿ ಹೇಳಿದ್ದರಿಂದ ಒಂದು ಆನ್‌ಲೈನ್ ಪತ್ರಿಕೆಗೆ 1,500 ರೂಪಾಯಿ ಕಟ್ಟಿದೆವು. ಮೂರನೆಯ ದಿನ ಸ್ವೀಕೃತಿ ಪತ್ರ ಬಂತು. ಅದನ್ನು "ಪ್ರಕಟಣೆಗಳು" ಎಂಬ ಶೀರ್ಷಿಕೆಯ ಕೆಳಗೆ ಹಾಕಬಹುದೇ?

ಪಾಷಾಣ ಪಿಎಚ್‌.ಡಿ.

ಮೊದಲು ಸಂಖ್ಯೆಯ ಮಾತು. ತಮ್ಮಾ, 78 ಎಂದೇ ಬರೆ. ಬರಿದೇ 78 ಎಂದಲ್ಲ, "ರಸ್ತೆವಾರು ಪ್ರತ್ಯೇಕಿಸಿದ ಪರೀಕ್ಷಾ ಗುಂಪಿನಲ್ಲಿ ಶೇಕಡಾ 78, ಮೊದಲಿನ ಶೇಕಡಾ 94ರ ಫಲಿತಾಂಶದಲ್ಲಿ ದತ್ತಾಂಶ ಸೋರಿಕೆ ಇರುವುದನ್ನು ಪತ್ತೆ ಹಚ್ಚಿದೆ" ಎಂದು ಬರೆ. ಕಲಿಸಿದ ದತ್ತಾಂಶವೇ ಪರೀಕ್ಷೆಯಲ್ಲಿಯೂ ನುಸುಳುವ ಈ ದತ್ತಾಂಶ ಸೋರಿಕೆ ಎಂಬುದು ನಿನ್ನ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ದೋಷ, ಅನುಭವಸ್ಥರೂ ಅದರಲ್ಲಿ ಬೀಳುತ್ತಾರೆ. ಪದವಿಯ ವಿದ್ಯಾರ್ಥಿಯೊಬ್ಬ ಅದನ್ನು ತಾನಾಗಿ ಹಿಡಿದ ಎಂದರೆ ಓದುವವರು ಆ ಸಾಲಿನ ಮೇಲೆ ಬೆರಳಿಟ್ಟು ನಿಲ್ಲುತ್ತಾರೆ. ಆದರೆ ಕಳಿಸುವ ಮೊದಲು ಗೆಳೆಯರಿಗೂ ಮಾರ್ಗದರ್ಶಕರಿಗೂ ವಿಷಯ ತಿಳಿಸು. ಅವರಿಗೆ ಹೇಳದೆ ನೀನೊಬ್ಬನೇ ಬೇರೆ ಸಂಖ್ಯೆ ಬರೆದರೆ ಅವರಿಗೆ ಅನ್ಯಾಯವಾಗುತ್ತದೆ, ತಿಳಿಸಿದ ಮೇಲೆ ಬದಲಿಸುವುದೂ ಬಿಡುವುದೂ ಅವರ ಜವಾಬ್ದಾರಿ.

ಪತ್ರಿಕೆಯ ವಿಷಯ. ಮೂರು ದಿನದಲ್ಲಿ ಸ್ವೀಕೃತಿ ಕೊಟ್ಟಲ್ಲಿ ಪರಿಶೀಲನೆ ನಡೆದಿಲ್ಲ ಎಂದೇ ಓದುವವರು ತಿಳಿಯುತ್ತಾರೆ. ಇಂಥ ಪತ್ರಿಕೆಗಳ ಹಾವಳಿ ತಡೆಯಲೆಂದೇ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೇರ್ ಎಂಬ, ಒಪ್ಪಿತ ಪತ್ರಿಕೆಗಳ ಪಟ್ಟಿಯನ್ನು ಮಾಡಿತ್ತು. ಪತ್ರಿಕೆಗಳನ್ನು ಪರಿಶೀಲಿಸುವ ಕೇಂದ್ರ ನಮ್ಮ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದಲ್ಲಿಯೇ ಇತ್ತು. 2025ರಲ್ಲಿ ಆ ಪಟ್ಟಿಯನ್ನು ಕೈಬಿಟ್ಟು, ಪತ್ರಿಕೆಯ ಗುಣಮಟ್ಟವನ್ನು ಅಳೆಯುವ ಹೊಣೆಯನ್ನು ಆಯಾ ಸಂಸ್ಥೆಗಳಿಗೇ ಬಿಡಲಾಗಿದೆ. ಆದ್ದರಿಂದ ಈಗ "ಕೇರ್ ಪಟ್ಟಿಯಲ್ಲಿದೆ" ಎಂದು ಬರೆದುಕೊಂಡು ನೆಮ್ಮದಿಯಿಂದ ಇರುವ ಹಾಗಿಲ್ಲ. ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕು ಎಂಬ ನಿಯಮವನ್ನೇ ಯುಜಿಸಿ 2022ರ ನಿಯಮಾವಳಿಯಲ್ಲಿ ತೆಗೆದುಹಾಕಿದೆ, ಹಾಗಿರುವಾಗ ಬಿ.ಇ. ವಿದ್ಯಾರ್ಥಿಗೆ ಪ್ರಕಟಣೆ ಇಲ್ಲದಿರುವುದು ಕೊರತೆಯೇ ಅಲ್ಲ. ನಾನಾಗಿದ್ದರೆ ಪ್ರಕಟಣೆ ಎಂಬ ಶೀರ್ಷಿಕೆಯನ್ನೇ ಇಡದೆ, ಪ್ರಾಜೆಕ್ಟನ್ನು ಪ್ರಾಜೆಕ್ಟ್ ಎಂದು ಬರೆದು, ಕೋಡ್ ಇರುವ ಕೊಂಡಿಯನ್ನು ಕೊಡುತ್ತಿದ್ದೆ. ಕೊಂಡಿ ತೆರೆದರೆ ಕೋಡ್ ಓಡಬೇಕು, ಯಾವ ಕಡತ ಯಾರದು ಎಂದು ಕಾಣಬೇಕು, ಅಷ್ಟನ್ನು ನೋಡಿಕೊ.

ಮಾಟುಂಗಾ ಎಚ್‌ಆರ್

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕೆನಿಸುತ್ತಿದೆ. ತುರ್ಭೆಯ ಸರ್ ಅವರ ಮೇಜಿಗೆ ರೆಸ್ಯೂಮೆ ತಲುಪುವ ಮೊದಲು ಅದು ನೇಮಕಾತಿ ವಿಭಾಗದ ನನ್ನಂಥವರ ಕೈ ದಾಟಬೇಕು. ನನಗೆ ರಸಾಯನಶಾಸ್ತ್ರ ತಿಳಿಯದು. ಒಂದು ಹುದ್ದೆಗೆ ಮುನ್ನೂರು ಅರ್ಜಿಗಳು ಬಂದಾಗ ಮೊದಲ ಸೋಸುವಿಕೆ ಬಹಳ ಕಡೆ ತಂತ್ರಾಂಶದಿಂದಲೇ ಆಗುತ್ತದೆ, ಮಿಕ್ಕದ್ದನ್ನು ನಾನು ಅರ್ಧ ನಿಮಿಷ ನೋಡುತ್ತೇನೆ. "ಲವಣದ ಗಂಟು" ನನಗೆ ಅರ್ಥವಾಗುವುದಿಲ್ಲ. ಎದ್ದು ಕಾಣುವ ಪದಗಳಿಲ್ಲದ ವಿನಯವಂತ ರೆಸ್ಯೂಮೆಗಳು ಅಲ್ಲಿಯೇ ಉಳಿದುಬಿಡುತ್ತವೆ. ಸ್ವಲ್ಪ ದೊಡ್ಡದಾಗಿ ಬರೆಯಿರಿ ಎಂದು ಮಕ್ಕಳಿಗೆ ಹೇಳುವವರು ಈ ವಾಸ್ತವವನ್ನು ನೋಡಿಯೇ ಹೇಳುತ್ತಿದ್ದಾರೆ.

ತುರ್ಭೆ ಲ್ಯಾಬ್

ಮೇಡಂ, ನೀವು ಹೇಳಿದ್ದರಲ್ಲಿ ಅರ್ಧವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಹುದ್ದೆಯ ಜಾಹೀರಾತಿನಲ್ಲಿ ಇರುವ ಪದ ರೆಸ್ಯೂಮೆಯಲ್ಲಿ ಇರಲೇಬೇಕು. ಎಚ್‌ಪಿಎಲ್‌ಸಿ ಎಂಬ ಸಂಕ್ಷಿಪ್ತ ರೂಪದ ಜೊತೆಗೆ ಒಮ್ಮೆಯಾದರೂ ಹೈ ಪರ್ಫಾರ್ಮೆನ್ಸ್ ಲಿಕ್ವಿಡ್ ಕ್ರೊಮ್ಯಾಟೋಗ್ರಫಿ ಎಂದು ಪೂರ್ತಿ ಬರೆಯಬೇಕು, ಏಕೆಂದರೆ ತಂತ್ರಾಂಶ ಯಾವ ರೂಪವನ್ನು ಹುಡುಕುತ್ತದೆ ಎಂದು ನಮಗೆ ಗೊತ್ತಿಲ್ಲ. ಸಾಲಿನ ಮೊದಲ ಐದಾರು ಪದಗಳಲ್ಲಿಯೇ ಯಂತ್ರವೂ ಕೆಲಸವೂ ಬರಬೇಕು. ಗಂಟಿನ ಕಥೆ ಎರಡನೆಯ ವಾಕ್ಯಕ್ಕೆ ಹೋಗಲಿ. ಇವೆಲ್ಲವೂ ನಿಜವನ್ನು ಕಾಣುವಂತೆ ಇಡುವ ಕ್ರಮ. "ಭಾಗವಹಿಸಿದ್ದೇನೆ" ಎಂಬುದನ್ನು "ಅಭಿವೃದ್ಧಿಪಡಿಸಿದ್ದೇನೆ" ಎಂದು ಮಾಡುವುದು ಇದಕ್ಕೆ ಸೇರುವುದಿಲ್ಲ. ನಿಮ್ಮ ಅರ್ಧ ನಿಮಿಷವನ್ನು ದಾಟಿ ಬಂದ ಹುಡುಗಿ ನನ್ನ ಎದುರು ಅರ್ಧ ಗಂಟೆ ಕೂರುತ್ತಾಳೆ. ಅವಳ ಮಾರ್ಗದರ್ಶಕರಿಗೆ ನಾನು ಫೋನ್ ಮಾಡುತ್ತೇನೆ. ಅವರು ಹೇಳುವುದಕ್ಕೂ ರೆಸ್ಯೂಮೆಗೂ ಹೊಂದದೆ ಹೋದರೆ, ಅವಳು ನಿಜವಾಗಿ ಮಾಡಿದ ಕೆಲಸದ ಮೇಲೂ ನನಗೆ ಸಂಶಯ ಬರುತ್ತದೆ. ನಮ್ಮ ಕ್ಷೇತ್ರದಲ್ಲಿ ಬರೆದಿಟ್ಟ ಸಂಖ್ಯೆಯನ್ನು ನಂಬಿ ಔಷಧ ಹೊರಗೆ ಹೋಗುತ್ತದೆ, ಮೇಡಂ. ಬರೆಯುವ ಕೈಯನ್ನು ನಂಬಲು ಆಗಬೇಕು.

ಮಾಟುಂಗಾ ಎಚ್‌ಆರ್

ಒಪ್ಪಿದೆ ಸರ್. ಹಾಗಾದರೆ ನನ್ನ ಕಡೆಯಿಂದ ಒಂದು ಸಣ್ಣ ಮಾತನ್ನು ಸೇರಿಸುತ್ತೇನೆ: ಎರಡು ಕಾಲಂ, ಚೌಕಟ್ಟು, ಚಿತ್ರದೊಳಗಿನ ಅಕ್ಷರ ಇವನ್ನು ತಂತ್ರಾಂಶ ಹಲವು ಬಾರಿ ತಪ್ಪಾಗಿ ಓದುತ್ತದೆ. ಸಾದಾ ಒಂದೇ ಕಾಲಂ ಇರಲಿ.

ಕಲೀನಾ ಎಂ.ಎ.

ಇಲ್ಲಿಯವರೆಗೆ ಎಲ್ಲವೂ ವಿಜ್ಞಾನದ ಮಾತಾಯಿತು. ಕಲಾ ವಿಭಾಗದ ಮಕ್ಕಳು ಈ ಚರ್ಚೆಯನ್ನು ಓದಿ, ನಮ್ಮಲ್ಲಿ ಯಂತ್ರವೂ ಇಲ್ಲ, ಶೇಕಡಾವಾರೂ ಇಲ್ಲ ಎಂದು ಹಿಂದೆ ಸರಿಯಬಾರದೆಂದು ಬರೆಯುತ್ತಿದ್ದೇನೆ. ನಾನು ಮುಂಬಯಿಯಲ್ಲಿ ಕನ್ನಡ ಪಾಠ ಮಾಡುತ್ತೇನೆ.

ನನ್ನ ಒಬ್ಬ ವಿದ್ಯಾರ್ಥಿ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತ ಹಿರಿಯರನ್ನು ಕುರಿತು ಎಂ.ಎ. ಪ್ರಬಂಧ ಬರೆದ. ಈ ನಗರದ ಕನ್ನಡಿಗರ ಒಂದು ಇಡೀ ತಲೆಮಾರು ಹಾಗೆ ಓದಿ ಮೇಲೆ ಬಂದದ್ದು. ಅವನು 22 ಮಂದಿಯನ್ನು ಮಾತನಾಡಿಸಿ, 19 ಗಂಟೆಗಳ ಧ್ವನಿಮುದ್ರಣ ಮಾಡಿದ. ಹೆಚ್ಚಿನವರು ಮಾತನಾಡಿದ್ದು ತುಳುವಿನಲ್ಲಿ. ಒಬ್ಬ ಹಿರಿಯರು ಕಪ್ಪು ಬಸಿ ತೊಳೆಯುತ್ತಲೇ ಮಗ್ಗಿ ಬಾಯಿಪಾಠ ಮಾಡುತ್ತಿದ್ದುದನ್ನು ಹೇಳುವಾಗ, ಧ್ವನಿ ಸಣ್ಣದಾಗಿ ಮೂರು ನಾಲ್ಕು ಪದಗಳು ಕೇಳಿಸಲಿಲ್ಲ. ಇವನು ಊಹಿಸಿ ತುಂಬಿಸದೆ, ಮತ್ತೆ ಅವರ ಮನೆಗೆ ಹೋಗಿ ಅದನ್ನು ಕೇಳಿಸಿ ಸರಿಪಡಿಸಿಕೊಂಡು ಬಂದ. ಆ ಮೇಲೆ ತುಳುವಿನಿಂದ ಕನ್ನಡಕ್ಕೆ ಅನುವಾದಿಸಿ, ಪ್ರತಿಯೊಬ್ಬರಿಂದ ಬರಹದಲ್ಲಿ ಒಪ್ಪಿಗೆ ಪಡೆದ. ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ಅವನಿಗೆ ಆರು ಗಂಟೆ ಹಿಡಿಯುತ್ತಿತ್ತು.

ಅವನ ರೆಸ್ಯೂಮೆಯಲ್ಲಿ ಇದ್ದದ್ದು ಏನು ಗೊತ್ತೇ? "ಎಂ.ಎ. ಕನ್ನಡ, ಪ್ರಥಮ ದರ್ಜೆ." ಅಷ್ಟೇ. ಪ್ರಬಂಧದ ಹೆಸರೂ ಇರಲಿಲ್ಲ. ನಾವಿಬ್ಬರೂ ಕುಳಿತು, ಸಂದರ್ಶನ, ಮಾತನ್ನು ಅಕ್ಷರಕ್ಕಿಳಿಸುವುದು, ಅನುವಾದ, ಒಪ್ಪಿಗೆ ಪತ್ರ, ಮರುಪರಿಶೀಲನೆ ಎಂಬ ಐದು ಕೆಲಸಗಳನ್ನು ಸಂಖ್ಯೆಗಳೊಂದಿಗೆ ಮೂರು ಸಾಲುಗಳಲ್ಲಿ ಬರೆದೆವು. ಪ್ರಬಂಧದ ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಪಕ್ಕದಲ್ಲಿ ಅದರ ಅರ್ಥವನ್ನು ಕೊಟ್ಟೆವು, ಏಕೆಂದರೆ ಇಲ್ಲಿ ಅರ್ಜಿ ಓದುವವರಿಗೆ ಕನ್ನಡ ಬಾರದು. ಜನರನ್ನು ಮಾತನಾಡಿಸಿ ಅವರ ಅನುಭವವನ್ನು ದಾಖಲಿಸುವ ಕೆಲಸ ಸ್ವಯಂಸೇವಾ ಸಂಸ್ಥೆಗಳಿಗೂ ಬೇಕು, ಪ್ರಕಾಶಕರಿಗೂ ಬೇಕು, ತಮ್ಮ ಗ್ರಾಹಕರನ್ನು ಅರಿಯಲು ಬಯಸುವ ಕಂಪನಿಗಳಿಗೂ ಬೇಕು. ಒಂದು ಎಚ್ಚರಿಕೆಯನ್ನು ಮಾತ್ರ ಅವನಿಗೆ ಹೇಳಿದೆ: ಮಾತನಾಡಿದ ಹಿರಿಯರ ಹೆಸರನ್ನಾಗಲಿ ಫೋಟೋವನ್ನಾಗಲಿ ರೆಸ್ಯೂಮೆಗೆ ಸೇರಿಸಬಾರದು. ಅವರು ಒಪ್ಪಿಗೆ ಕೊಟ್ಟದ್ದು ಪ್ರಬಂಧಕ್ಕೆ. ಇವನ ಉದ್ಯೋಗದ ಹುಡುಕಾಟಕ್ಕೆ ಕೊಟ್ಟದ್ದಲ್ಲ.

ಇದು ಇನ್ನು ಮುಂದೆ ಪದವಿ ವಿದ್ಯಾರ್ಥಿಗಳ ಮಾತೂ ಆಗಲಿದೆ. ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯಲ್ಲಿ, ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇಕಡಾ 75 ಪಡೆದವರು ಕೊನೆಯ ವರ್ಷ ಸಂಶೋಧನೆಯನ್ನು ಆರಿಸಿಕೊಳ್ಳಬಹುದು. ಅದಕ್ಕೆ 12 ಕ್ರೆಡಿಟ್‌ಗಳ ಪ್ರಾಜೆಕ್ಟ್ ಇದೆ. ಇಪ್ಪತ್ತೊಂದು ವರ್ಷದ ಮಕ್ಕಳು ಇದನ್ನೆಲ್ಲ ಬರೆಯಬೇಕಾಗುತ್ತದೆ, ಅವರಿಗೆ ಹೇಳಿಕೊಡುವವರು ಕಡಿಮೆ.

ಪುಣೆ ರಸಾಯನ

ಎಲ್ಲರಿಗೂ ಋಣಿಯಾಗಿದ್ದೇನೆ. ಎರಡು ಸಂಶಯಗಳು ಉಳಿದಿವೆ. ಯಂತ್ರ ಕೆಟ್ಟು ನಿಂತ ಆ ಬೇಸಿಗೆಯನ್ನು ಬರೆಯುವುದೋ ಬಿಡುವುದೋ? ನಮ್ಮ ಮೇಡಂ ದ್ರಾಕ್ಷಿಯ ಕೆಲಸವನ್ನು ಲೇಖನ ಮಾಡೋಣ ಎಂದಿದ್ದಾರೆ. ಇನ್ನೂ ಒಂದು ಸಾಲೂ ಬರೆದಿಲ್ಲ. "ಲೇಖನ ಸಿದ್ಧತೆಯಲ್ಲಿದೆ" ಎಂದು ಹಾಕಬಹುದೇ?

ಪಾಷಾಣ ಪಿಎಚ್‌.ಡಿ.

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಬೇಡಮ್ಮ. ಪತ್ರಿಕೆಗೆ ಸಲ್ಲಿಸಿದ್ದರೆ "ಸಲ್ಲಿಸಲಾಗಿದೆ" ಎಂದು ಬರೆಯಬಹುದು, ಆಗಲೂ ಪತ್ರಿಕೆಯ ಹೆಸರು ಬೇಡ. ಸ್ವೀಕೃತವಾಗಿದ್ದರೆ ಪತ್ರಿಕೆಯ ಹೆಸರು ಹಾಕಬಹುದು. ಪ್ರಕಟವಾದ ಮೇಲೆ ಡಿಒಐ (ಲೇಖನಕ್ಕೆ ಕೊಡುವ ಕಾಯಂ ಗುರುತಿನ) ಸಂಖ್ಯೆಯೊಂದಿಗೆ, ಎಲ್ಲ ಲೇಖಕರ ಹೆಸರನ್ನು ಪತ್ರಿಕೆಯಲ್ಲಿರುವ ಕ್ರಮದಲ್ಲಿಯೇ ಕೊಟ್ಟು, ನಿನ್ನ ಹೆಸರನ್ನು ದಪ್ಪಕ್ಷರದಲ್ಲಿ ತೋರಿಸು. ಆರ್‌ಕೈವ್‌ನಂಥ ಜಾಲತಾಣದಲ್ಲಿ, ಪತ್ರಿಕೆಯ ಪರಿಶೀಲನೆಗೂ ಮೊದಲಿನ ಮುನ್‌ಮುದ್ರಣ ಹಾಕಿದ್ದರೆ ಅದನ್ನು ಮುನ್‌ಮುದ್ರಣ ಎಂದೇ ಬರೆಯಬೇಕು. ಬರೆಯದ ಲೇಖನಕ್ಕೆ ರೆಸ್ಯೂಮೆಯಲ್ಲಿ ಜಾಗವಿಲ್ಲ. "ಕರಡನ್ನು ತೋರಿಸಿ" ಎಂದು ಕೇಳಿದರೆ ಕೊಡಲು ಏನಾದರೂ ಇರಬೇಕು. ಪೋಸ್ಟರನ್ನು ಮಾತ್ರ ಧೈರ್ಯವಾಗಿ ಹಾಕು: ಸಮಾವೇಶದ ಹೆಸರು, ಯಾವ ಹಂತ, ವರ್ಷ. ವಿಶ್ವವಿದ್ಯಾಲಯದ ಹಂತದ್ದನ್ನು ರಾಜ್ಯಮಟ್ಟ ಎಂದು ಕಾಣುವಂತೆ ಬರೆಯಬೇಡ.

ದೋನಾ ಪಾವ್ಲಾ ತೀರ

ಬೇಸಿಗೆಯ ಬಗ್ಗೆ ನಾನು ಹೇಳುತ್ತೇನೆ ತಂಗಿ. ಬಿಡಬೇಡ. ಬೆಂಗಳೂರು, ದೆಹಲಿ, ಪ್ರಯಾಗರಾಜ್‌ನ ಮೂರು ಅಕಾಡೆಮಿಗಳು ಸೇರಿ ಕೊಡುವ ಆ ಫೆಲೋಶಿಪ್‌ಗೆ ದೇಶವಿಡೀ ಸ್ಪರ್ಧೆ ಇರುತ್ತದೆ, ಆಯ್ಕೆಯಾದದ್ದೇ ಒಂದು ಸಾಲಿಗೆ ಸಾಕು. ಆದರೆ ಯಂತ್ರ ನಿಂತಿದ್ದ ಐದು ವಾರ ನೀನು ಏನು ಮಾಡಿದೆ? ಸುಮ್ಮನೆ ಕುಳಿತಿರಲಾರೆ.

ಪುಣೆ ರಸಾಯನ

ಇಲ್ಲ ಅಕ್ಕ. ಆ ಪ್ರಯೋಗಾಲಯದ ಹಳೆಯ ನೋಟ್‌ಬುಕ್‌ಗಳಿಂದ ಎರಡು ವರ್ಷದ ಅಳತೆಗಳನ್ನು ಎಕ್ಸೆಲ್‌ಗೆ ಹಾಕಿದೆ. ಹಾಗೆ ಹಾಕುವಾಗ ಒಂದು ತಿಂಗಳ ಅಳತೆಗಳಲ್ಲಿ ಏಕಮಾನ ಬೇರೆಯಾಗಿರುವುದನ್ನು ಕಂಡು ಸರ್‌ಗೆ ತೋರಿಸಿದೆ, ಅವರು ತಿದ್ದಿಸಿದರು. ಕೊನೆಯ ಮೂರು ವಾರ 9 ಸ್ಯಾಂಪಲ್ ಓಡಿಸಿದೆವು.

ದೋನಾ ಪಾವ್ಲಾ ತೀರ

ನೋಡು, ಇದನ್ನೂ ಮುಚ್ಚಿಟ್ಟಿದ್ದೆ. "ಎರಡು ವರ್ಷದ ಅಳತೆಗಳನ್ನು ಡಿಜಿಟಲ್ ರೂಪಕ್ಕೆ ತಂದೆ, ಏಕಮಾನದ ದೋಷವನ್ನು ಗುರುತಿಸಿದೆ, 9 ಸ್ಯಾಂಪಲ್‌ಗಳ ಪರೀಕ್ಷೆಯಲ್ಲಿ ನೆರವಾದೆ." ಯಂತ್ರ ಕೆಟ್ಟದ್ದನ್ನು ಬರೆಯಬೇಕಾಗಿಲ್ಲ, ಸಂದರ್ಶನದಲ್ಲಿ ಕೇಳಿದರೆ ಇದ್ದ ಹಾಗೆ ಹೇಳು. ಮತ್ತು "ನೆರವಾದೆ" ಎಂಬ ಪದ ಇಲ್ಲಿ ಸರಿಯಾಗಿದೆ, ಅದನ್ನು ದೊಡ್ಡದು ಮಾಡಲು ಹೋಗಬೇಡ.

ಪುಣೆ ರಸಾಯನ

ನಿನ್ನೆ ಹೊಸ ಪ್ರತಿಯನ್ನು ನಮ್ಮ ಮೇಡಂಗೆ ತೋರಿಸಿದೆ. ಕಾರ್ಬೆಂಡಜಿಮ್ ಎಂಬ ತುರ್ಭೆ ಸರ್ ಅವರ ಊಹೆ ಸರಿಯಾಗಿತ್ತು. ರಿಕವರಿಯ ಸಾಲಿನಲ್ಲಿ ಮೇಡಂ ಪೆನ್ನಿನಿಂದ ಒಂದು ತಿದ್ದುಪಡಿ ಮಾಡಿದರು: 86ರ ಪಕ್ಕದಲ್ಲಿ "6 ಬಾರಿಯ ಸರಾಸರಿ" ಎಂದು ಸೇರಿಸಿದರು. ನಾನು ಅದನ್ನು ಬರೆಯಲು ಮರೆತಿದ್ದೆ. ಕೆಳಗೆ ತಮ್ಮ ಫೋನ್ ನಂಬರ್ ಕೊಟ್ಟು, ಯಾರಾದರೂ ವಿಚಾರಿಸಿದರೆ ಟ್ಯೂಬಿನ ವಿಷಯವನ್ನು ತಾವೇ ಹೇಳುವುದಾಗಿ ಅಂದರು. ಸೋಮವಾರ ನಾಲ್ಕು ಕಡೆ ಕಳಿಸುತ್ತಿದ್ದೇನೆ.

ತುರ್ಭೆ ಲ್ಯಾಬ್

ಆರು ಬಾರಿಯ ಸರಾಸರಿ ಎಂದ ಮೇಲೆ ಅವುಗಳ ನಡುವಿನ ಏರಿಳಿತವನ್ನೂ ಶೇಕಡಾವಾರಿನಲ್ಲಿ ಪಕ್ಕದಲ್ಲಿ ಬರೆಯಿರಿ ತಂಗಿ. ನಾನು ಮೊದಲು ಕೇಳುವುದು ಅದನ್ನೇ.